ಯಾರಿಗೂ ಬೇಡವಾದ ಒಂದು ಮೂಳೆ

ಹೆಸರು ಮಾಡಬೇಕೆಂಬ ಆಸೆ ಯಾವ ವಯಸ್ಸಿನಲ್ಲಿ ಬರುತ್ತದೆಂದು ಹೇಳಲಾಗದು. ಕೆಲವರಿಗೆ ಹತ್ತನೇ ಕ್ಲಾಸಿನಲ್ಲಿ ಬಂದು ಪಿಯುಸಿಯಲ್ಲಿ ವಾಸಿಯಾಗುತ್ತದೆ. ನನಗೆ ತಲೆಗೂದಲೂ ಬಡ್ತಿಯ ಆಸೆಯೂ ಉದುರಿಹೋದ ಮೇಲೆ ಬಂತು, ದೊಡ್ಡವರಿಗೆ ಬರುವ ದಡಾರದಂತೆ ಜೋರಾಗಿಯೇ ಬಂತು. ನಾನು ಆಲೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಲ್ಲಿಯವರೆಗೆ ನನ್ನ ವಿಜ್ಞಾನವನ್ನು ಊರಿನವರು ಬಳಸಿಕೊಂಡಿದ್ದು ಒಂದೇ ವಿಷಯಕ್ಕೆ: ಮಿಕ್ಸಿಯಿಂದ ಸುಟ್ಟ ವಾಸನೆ ಯಾಕೆ ಬರುತ್ತದೆಂದು ಕೇಳಲು. ಅದಕ್ಕೂ ನನ್ನ ಉತ್ತರ ಸರಿಯಾಗಿರುತ್ತಿರಲಿಲ್ಲ.

ನನ್ನ ಹೆಂಡತಿ ಗಿರಿಜಳ ತವರು ಪಾಳ್ಯದ ಹತ್ತಿರ. ಅವಳ ಅಣ್ಣ ಶಿವಣ್ಣ ಗದ್ದೆಯ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸುತ್ತಿದ್ದ. ಭಾನುವಾರ ನಾವು ಹೋದಾಗ ಜೆಸಿಬಿ ಬೂದು ಬಣ್ಣದ ಜೇಡಿಯನ್ನು ಎತ್ತಿ ಎತ್ತಿ ದಂಡೆಗೆ ಹಾಕುತ್ತಿತ್ತು. ಆ ಗುಡ್ಡೆಯಲ್ಲಿ ನನ್ನ ಕಾಲಿಗೊಂದು ಗಟ್ಟಿ ವಸ್ತು ತಾಕಿತು. ಅರ್ಧ ತೆಂಗಿನಕಾಯಿಯಷ್ಟು ದಪ್ಪ, ಕಡುಗಂದು ಬಣ್ಣ, ಎತ್ತಿದರೆ ಕಲ್ಲಿನ ಭಾರ. ಒಂದು ಮಗ್ಗುಲು ಒಡೆದಿತ್ತು, ಅಲ್ಲಿ ಬ್ರೆಡ್ಡಿನ ಹಾಗೆ ಸಣ್ಣ ಸಣ್ಣ ತೂತು. ಇನ್ನೊಂದು ಮಗ್ಗುಲು ಬಾವಿಯ ರಾಟೆಯಂತೆ, ಎರಡು ಉಬ್ಬು, ನಡುವೆ ನುಣ್ಣನೆಯ ತಗ್ಗು. ಮೂಳೆ! ಅದೂ ಕಲ್ಲಾದ ಮೂಳೆ! ಕೂಡಲೇ ಅದನ್ನು ಕೆನ್ನೆಯ ಪಕ್ಕ ಹಿಡಿದು ಮೊಬೈಲಿನಲ್ಲಿ ಒಂದು ಸೆಲ್ಫಿ ತೆಗೆದುಕೊಂಡೆ.

ಹಳೆಯ ಮೂಳೆಯೋ ಬರಿಯ ಕಲ್ಲೋ ಎಂದು ತಿಳಿಯಲು ಒಂದು ಉಪಾಯವಿದೆ. ನಾಲಿಗೆ ತಾಗಿಸಬೇಕು. ಮೂಳೆಯಾದರೆ ಅದರ ತೂತುಗಳು ತೇವ ಹೀರಿ ನಾಲಿಗೆಗೆ ಅಂಟಿಕೊಳ್ಳುತ್ತವೆ, ಕಲ್ಲು ಅಂಟುವುದಿಲ್ಲ. ಇದನ್ನು ಎಲ್ಲೋ ಓದಿದ್ದೆ. ಆದರೆ ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದವರ ಜಗುಲಿಯಲ್ಲಿ ಕುಳಿತು ಈ ಪರೀಕ್ಷೆ ಮಾಡಬಾರದೆಂದು ಅಲ್ಲಿ ಬರೆದಿರಲಿಲ್ಲ. ಮೂಳೆ ನಾಲಿಗೆಗೆ ಚೆನ್ನಾಗಿಯೇ ಅಂಟಿಕೊಂಡಿತು. ಅದೇ ಹೊತ್ತಿಗೆ ಅತ್ತೆ ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಬಂದರು.

“ಗಿರಿಜಾ, ಬಾರೇ ಇಲ್ಲಿ! ಅಳಿಯಂದ್ರು ಮೂಳೆ ನೆಕ್ತಾವ್ರೆ!”

ಅಂಥ ಆಘಾತದಲ್ಲೂ ಅತ್ತೆ ಬಹುವಚನ ಬಿಡಲಿಲ್ಲ. ನನ್ನನ್ನು ಬಚ್ಚಲಿಗೆ ಅಟ್ಟಿದರು. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಮೂಳೆಯನ್ನೂ ಗಂಜಲದಲ್ಲಿ ಅದ್ದಿ, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಇಟ್ಟಿದ್ದರು. ಅದು ಪಾತ್ರೆಯಂತೆ ಹೊಳೆಯುತ್ತಿತ್ತು. ಶಿವಣ್ಣ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು ಕೈ ಮುಗಿದ. “ಮೇಷ್ಟ್ರೇ, ಯಾರಿಗೂ ಹೇಳ್ಬ್ಯಾಡಿ ಕಣ್ರೀ. ಯಾವುದಾದ್ರೂ ಇಲಾಖೆಯೋರು ಬಂದು ಹಗ್ಗ ಕಟ್ಬುಟ್ರೆ ನನ್ ಹೊಂಡ ನಿಂತೋಯ್ತದೆ.”

ಹೇಳದೆ ಹೆಸರು ಮಾಡುವುದು ಹೇಗೆ? ಮುಂದಿನ ರಜೆಯಲ್ಲಿ ಮೂಳೆಯನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಸಕಲೇಶಪುರಕ್ಕೆ ಹೋದೆ. ಅಲ್ಲಿ ನಿವೃತ್ತ ಭೂವಿಜ್ಞಾನದ ಪ್ರೊಫೆಸರೊಬ್ಬರಿದ್ದರು. ಕಾಫಿ ಕೊಟ್ಟು, “ಎಲ್ಲಿ ಸಿಕ್ಕಿದ್ದು?” ಎಂದು ಕೇಳಿದರು. ಪಾಳ್ಯ ಎಂದೆ. ಅವರು ನಾನು ಕೊಟ್ಟ ಚೀಲವನ್ನು ಹೊರಗಿನಿಂದಲೇ ಮುಟ್ಟಿ ನೋಡಿದರು, ಮೂಳೆಯನ್ನು ತೆಗೆಯಲೂ ಇಲ್ಲ.

“ಹಾಗಾದ್ರೆ ಇದು ಪಳೆಯುಳಿಕೆ ಅಲ್ಲ. ನಮ್ಮ ಕಡೆಯ ಬಂಡೆ ಹುಟ್ಟಿದಾಗ ಭೂಮಿ ಮೇಲೆ ಮೂಳೆ ಇರೋ ಪ್ರಾಣೀನೇ ಇರಲಿಲ್ಲ.”

“ಬಂಡೆಯಲ್ಲಲ್ಲ ಸಾರ್, ಜೇಡಿಮಣ್ಣಲ್ಲಿ...”

“ಹಾಗಾದ್ರೆ ಹಳೇದೇ ಅಲ್ಲ. ಇಷ್ಟು ದಪ್ಪ ಅಂದ್ರೆ ಆನೇದಿರಬೇಕು.” ಇನ್ನೊಂದು ಗುಟುಕು ಕಾಫಿ ಕುಡಿದು ಪ್ರೀತಿಯಿಂದಲೇ ಹೇಳಿದರು. “ಆನೇದು ಏನೇ ಆದ್ರೂ ಮನೇಲಿಟ್ಕೊಂಡ್ರೆ ಕೇಸಾಗುತ್ತೆ. ಗೊತ್ತಲ್ಲ?”

ಗೊತ್ತಿರಲಿಲ್ಲ. ಹೋಗುವಾಗ ಪಳೆಯುಳಿಕೆಯ ಸಂಶೋಧಕನಾಗಿದ್ದವನು ಬರುವಾಗ ಆನೆಯ ಮೂಳೆ ಸಾಗಿಸುವ ಕಳ್ಳನಾಗಿದ್ದೆ. ದಾರಿಯಲ್ಲಿ ಅರಣ್ಯ ಇಲಾಖೆಯ ಜೀಪು ಅಡ್ಡ ನಿಂತಿತ್ತು, ವಾಹನಗಳೆಲ್ಲ ಸಾಲಾಗಿ ನಿಂತಿದ್ದವು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ತಡೆದದ್ದು ಆನೆಗಳಿಗಾಗಿ. ಎಸ್ಟೇಟಿನಿಂದ ಇಳಿದ ಹಿಂಡೊಂದು ರಸ್ತೆಯ ಪಕ್ಕದಲ್ಲೇ ನಿಂತಿತ್ತು. “ಇರಿ ಸಾರ್, ಮರಿ ಐತೆ. ಎಲ್ಲಾ ದಾಟ್ಬುಡ್ಲಿ,” ಎನ್ನುತ್ತ ಗಾರ್ಡೊಬ್ಬ ನನ್ನ ಸ್ಕೂಟರಿನ ಸೀಟಿಗೇ ಒರಗಿ ಕುಳಿತ. ಅವನ ಕೆಳಗೆ ಮೂಳೆ, ಎದುರಿಗೆ ಮೂಳೆಯ ನೆಂಟರು. ಒಂದು ಹೆಣ್ಣಾನೆ ಸೊಂಡಿಲೆತ್ತಿ ನಮ್ಮ ಕಡೆಯ ವಾಸನೆ ಹಿಡಿಯಿತು. ನನಗಿನ್ನು ತಡೆಯಲಾಗಲಿಲ್ಲ. ಆನೆಗಳು ಅತ್ತ ಸರಿದದ್ದೇ ತಡ, ಎಲ್ಲವನ್ನೂ ಒಪ್ಪಿಕೊಂಡು ಡಿಕ್ಕಿ ತೆರೆದೆ.

ಗಾರ್ಡು ಬಗ್ಗಿ ನೋಡಿದ. “ಇದು ಆನೇದಾ?”

“ನೀವೇ ಹೇಳಬೇಕು.”

“ನಂಗೇನ್ ಗೊತ್ತು ಸಾರ್? ನಾನು ನೋಡಿರೋ ಮೂಳೆ ಎಲ್ಲಾ ಆನೆ ಒಳಗೇ ಅವೆ.” ಡಿಕ್ಕಿಯನ್ನು ತಾನೇ ಮುಚ್ಚಿದ. “ಆನೇದೇ ಆದ್ರೆ ನಿಮಗೆ ತೊಂದ್ರೆ. ಅಲ್ದಿದ್ರೆ ನಮಗ್ಯಾಕೆ? ಮೊದ್ಲು ಏನು ಅಂತ ಗೊತ್ತುಮಾಡ್ಕೊಂಡು ಬನ್ನಿ ಮಾರಾಯ್ರೆ.”

ಹೀಗೆ ಜೈಲೂ ನನ್ನನ್ನು ತೆಗೆದುಕೊಳ್ಳಲಿಲ್ಲ. ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲು ಮನಸ್ಸಿಲ್ಲ. ಮನೆಯೊಳಗೆ ಮೂಳೆ ತರುವಂತಿಲ್ಲ, ಹೊರಗೆ ಎಸೆದರೆ ಸಾಕ್ಷಿ ನಾಶ. ಅನ್ನ ಸೇರುತ್ತಿರಲಿಲ್ಲ. ಕಡೆಗೆ ಗಿರಿಜಳೇ, “ಹಿಂಗೆ ಕೊರಗೋ ಬದಲು ಮೂಳೆ ಓದಿರೋರನ್ನ ಕೇಳಬಾರ್ದಾ?” ಎಂದು ಹಾಸನಕ್ಕೆ ಹೊರಡಿಸಿದಳು, ಜೊತೆಗೂ ಬಂದಳು. ಅಲ್ಲಿಯ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ಅಂಗರಚನೆ ಕಲಿಸುವ ಡಾಕ್ಟರ್ ಮೇಡಂ ಒಬ್ಬರು ಮೂಳೆಯನ್ನು ಕೈಗೆತ್ತಿಕೊಂಡು ತಿರುಗಿಸಿದರು. ಬೀರುವಿನಿಂದ ಒಂದೊಂದೇ ಮೂಳೆ ತಂದು ಪಕ್ಕದಲ್ಲಿಟ್ಟು ನೋಡಿದರು.

“ಹಿಂಗಾಲಿನ ಗಿಣ್ಣಿನ ಮೂಳೆ ಇದು. ಆನೇದಂತೂ ಅಲ್ಲ, ಅದಕ್ಕೆ ಈ ತಗ್ಗು ಇರಲ್ಲ, ಚಪ್ಪಟೆ. ದನ, ಎಮ್ಮೆಗೆ ಈ ರಾಟೆ ಆಕಾರ ಎರಡೂ ತುದೀಲಿ ಇರುತ್ತೆ. ಕುದುರೆದು ಇಷ್ಟು ದೊಡ್ಡದಿರಲ್ಲ.” ಅವರ ದನಿ ಸಣ್ಣದಾಯಿತು. “ಸಾರ್, ಇದು ಖಡ್ಗಮೃಗದ್ದು ಅನ್ಸುತ್ತೆ.”

ನಾನು ಗಿರಿಜಳ ಕಡೆ ನೋಡಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವಳು ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಪಾಳ್ಯದಲ್ಲಿ ಖಡ್ಗಮೃಗ! ಶಿವಣ್ಣನ ಗದ್ದೆಯಲ್ಲಿ, ಯಾವ ಕಾಲದಲ್ಲೋ, ಕೆಸರಿನಲ್ಲಿ ಹೊರಳುತ್ತಿದ್ದ ಖಡ್ಗಮೃಗ!

“ಎಷ್ಟು ಆಳದಲ್ಲಿ ಸಿಕ್ತು?” ಮೇಡಂ ಕೇಳಿದರು. ಗೊತ್ತಿಲ್ಲ, ಜೆಸಿಬಿ ಎತ್ತಿ ಹಾಕಿತ್ತು. “ಅಂಟಿಕೊಂಡಿದ್ದ ಮಣ್ಣು?” ಅತ್ತೆ ತಿಕ್ಕಿದ್ದರು. “ಮತ್ತೆ ತೋಡಿ ನೋಡಬಹುದಾ?” ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ತುಂಬಿ, ಶಿವಣ್ಣ ಆಗಲೇ ಮೀನುಮರಿ ಬಿಟ್ಟಿದ್ದ. “ಸಿಕ್ಕ ಜಾಗದ ಫೋಟೋ ಆದ್ರೂ ಇದೆಯಾ?”

ಇದೆ ಎಂದು ಉತ್ಸಾಹದಿಂದ ಮೊಬೈಲು ಕೊಟ್ಟೆ. ಅದರ ತುಂಬ ನನ್ನ ಮುಖವಿತ್ತು. ಕಿವಿಯ ಹಿಂದೆ ಒಂದಿಷ್ಟು ಬೂದು ಬಣ್ಣ ಮಸಕುಮಸಕಾಗಿ ಕಾಣುತ್ತಿತ್ತು, ಅದು ಜೇಡಿಯೋ ಜೆಸಿಬಿಯ ಹೊಗೆಯೋ ಹೇಳುವಂತಿರಲಿಲ್ಲ. ಮೇಡಂ ಅದನ್ನು ಬಹಳ ಹೊತ್ತು ನೋಡಿದರು.

“ನೀವು ಚೆನ್ನಾಗಿ ಬಂದಿದೀರಿ,” ಎಂದರು ಪಾಪ. “ಆದ್ರೆ ಇದು ನಿಮ್ಮೂರಿಂದೇ ಬಂತು ಅನ್ನೋಕೆ ಏನೂ ಉಳಿದಿಲ್ಲ. ನಾನು ನಂಬಬಹುದು, ಬೇರೆಯವರು ನಂಬಲ್ಲ.” ಮೂಳೆ ಅವರ ಬೀರುವಿನ ಕೆಳಗಿನ ಖಾನೆಗೆ ಹೋಯಿತು. ಅದರ ಚೀಟಿಯಲ್ಲಿ ‘ಸ್ಥಳ: ಖಚಿತವಿಲ್ಲ’ ಎಂದು ಬರೆದರು. ಪತ್ತೆ ಮಾಡಿದವರ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟಳು. ಅಷ್ಟು ಕನಿಕರ ಅವಳು ನನ್ನ ಮೇಲೆ ಎಂದೂ ತೋರಿಸಿದ್ದಿಲ್ಲ.

ಕಳೆದ ವಾರ ತರಗತಿಯಲ್ಲಿ ಪಳೆಯುಳಿಕೆಯ ಪಾಠ ಬಂತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ನಮ್ಮ ಕಡೆ ಇಂಥದ್ದು ಸಿಗ್ತದಾ?” ಎಂದು ಕೇಳಿದಳು. ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ.

“ಸಿಗಲ್ಲ. ಬರ್ಕೊಳ್ಳಿ,” ಎಂದೆ.

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು.