ಎರಡು ಮೊರ ಹಿಡಿದು ನಾನು ವಿಮಾನವಾದೆ

ಮಕ್ಕಳೇ, ನಿಮ್ಮ ತಾತನಿಗೆ ಬ್ರೇಕ್ ಒತ್ತುವ ಕಾಯಿಲೆ ಇತ್ತು. ನಗಬೇಡಿ! ಯಾವ ಡಾಕ್ಟರ ಹತ್ತಿರವೂ ಅದಕ್ಕೆ ಮಾತ್ರೆ ಇರಲಿಲ್ಲ.

ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಬಸ್ಸು ಓಡಿಸಿಯೇ ಆಯುಸ್ಸು ಕಳೆದ ಡ್ರೈವರ್ ಅವರು. ಕೆಲಸದಿಂದ ನಿವೃತ್ತಿಯಾಯಿತು, ಬಲಗಾಲಿಗೆ ಮಾತ್ರ ಆಗಲಿಲ್ಲ! ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ, ತಿರುವು ಬಂದಾಗಲೆಲ್ಲ ಕಾಲಡಿಯ ತಗಡನ್ನು ಒತ್ತುವರು. ಆಟೋದಲ್ಲೂ ಒತ್ತುವರು. ಒಮ್ಮೆ ಹುಲ್ಲಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬರುವಾಗಲೂ ಒತ್ತಿದರು. ಒದೆ ಬಿದ್ದದ್ದು ಮುಂದೆ ಕೂತಿದ್ದ ಗಾಡಿಯವನ ಬೆನ್ನಿಗೆ.

"ಯಾಕ್ ಸಾ, ಎತ್ತುಗೋಳ ಬುಟ್ಟು ನನ್ನೇ ಒದೀತಿದ್ದೀರಲ್ಲ!" ಅಂದ ಅವನು.

ಇಂಥವರು ವಿಮಾನ ಹತ್ತಬೇಕಾಗಿ ಬಂತು! ದಿಲ್ಲಿಯಲ್ಲಿ ನಿಮ್ಮ ಅಮ್ಮ ತುಂಬು ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ತಾನೆ? ಆದರೆ ಡಾಕ್ಟರಮ್ಮ ಪ್ರಯಾಣ ಕೂಡದು ಎಂದರು, ಹೆರಿಗೆಯೂ ಬೇಗನೇ ಆಗಬಹುದು ಎಂದರು. ಮಗಳು ಫೋನಿನಲ್ಲಿ ಅತ್ತಳು. "ತವರಿಗೆ ನಾನು ಬರಕ್ಕಾಗಲ್ಲಪ್ಪ. ತವರೇ ಇಲ್ಲಿಗೆ ಬರಲಿ."

ರೈಲಿನಲ್ಲಿ ಹೋದರೆ, ನಾವು ಇಳಿಯುವ ಹೊತ್ತಿಗೆ ಕೂಸೇ ಸ್ಟೇಷನ್ನಿಗೆ ಬಂದು ನಮ್ಮನ್ನು ಎದುರುಗೊಳ್ಳುತ್ತಿತ್ತೋ ಏನೋ! ನಾನೊಬ್ಬಳೇ ಹೋಗೋಣವೆಂದರೆ, ಒಬ್ಬಳೇ ಮೈಸೂರಿಗೂ ಹೋದವಳಲ್ಲ. ಅವರು ಹತ್ತದಿದ್ದರೆ ನಾನೂ ಇಲ್ಲ, ಮಗಳಿಗೆ ತವರೂ ಇಲ್ಲ.

ನಿಮ್ಮ ಅಪ್ಪ ಆಗಲೇ ಅಲ್ಲಿ ವಿಮಾನ ರಿಪೇರಿ ಮಾಡುವ ಕೆಲಸದಲ್ಲಿದ್ದರು. ತಾತ ಅವರಿಗೆ ಫೋನ್ ಮಾಡಿದರು.

"ಅಲ್ಲಾ ಅಳಿಯಂದ್ರೇ, ಸ್ಟೀರಿಂಗ್ ತಿರುಗ್ಸುದ್ರೆ ರಾಡು ಎಲ್ಲೀಗಂಟ ಓಯ್ತದೆ?"

"ರಾಡೂ ಇಲ್ಲ, ಸ್ಟೀರಿಂಗೂ ಇಲ್ಲ ಮಾವ. ನೀವು ಬರೋ ವಿಮಾನದಲ್ಲಿ ಪೈಲಟ್ ಪಕ್ಕಕ್ಕೆ ಒಂದು ಪುಟ್ಟ ಹಿಡಿ ಇರುತ್ತೆ. ಅದನ್ನ ಬಗ್ಗಿಸಿದರೆ ವೈರಿನಲ್ಲಿ ಕಂಪ್ಯೂಟರಿಗೆ ಸುದ್ದಿ ಹೋಗುತ್ತೆ, ಕಂಪ್ಯೂಟರ್ ರೆಕ್ಕೆಗೆ ಹೇಳುತ್ತೆ. ಟಿಪ್ಪರ್ ಲಾರಿ ತೊಟ್ಟಿ ಎತ್ತುತ್ತಲ್ಲ, ಹಾಗೆ ಆಯಿಲ್ ಒತ್ತಡದಲ್ಲಿ ರೆಕ್ಕೆ ಅಂಚಿನ ಹಲಗೆ ಏಳುತ್ತೆ, ಇಳಿಯುತ್ತೆ."

ತಾತ ಫೋನ್ ಇಟ್ಟು ನನ್ನ ಕಡೆ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. "ರಾಡೇ ಇಲ್ದಿರೋ ಗಾಡಿ ಕಣಮ್ಮಿ! ಅವನು ಇವನಿಗೇಳಿ, ಇವನು ಇನ್ನೊಬ್ಬನಿಗೇಳಿ, ಬರೀ ಚಾಡಿ ಮಾತಿನ ಮ್ಯಾಲೆ ಓಡ್ತದೆ! ನಾನು ಅತ್ತಾಕಿಲ್ಲ."

ಆದರೂ ಕುತೂಹಲ ಬಿಡಬೇಕಲ್ಲ! ದಿನವೂ ಸಂಜೆ ಫೋನ್. ಕೇಳಿದ್ದನ್ನು ಮಾಡಿ ನೋಡದಿದ್ದರೆ ಅವರಿಗೆ ಊಟ ಸೇರದು. ವಿಮಾನ ಎಲ್ಲಿದೆ? ನಾನಿದ್ದೆನಲ್ಲ! ಯಾರಾದರೂ ಬಂದರೆ ಬಾಗಿಲ ಮರೆಯಲ್ಲಿ ನಿಂತು ಮಾತಾಡುವ ನನ್ನನ್ನು ಅಂಗಳದ ನಡುವೆ ನಿಲ್ಲಿಸಿ, ಎರಡು ಕೈ ಚಾಚಿಸಿ, ಕೈಗೊಂದು ಮೊರ ಹಿಡಿಸಿದರು. ಸೆರಗಿನ ತುದಿ ಹಿಡಿದು ತಾವು ಹಿಂದೆ ನಿಂತರು. ಅದು ಬಾಲವಂತೆ!

"ಬಲಗಡೆ ಮೊರದ ಅಂಚು ಮೇಲಕ್ಕೆ, ಎಡಗಡೇದು ಕೆಳಕ್ಕೆ. ಆಂ, ಈಗ ಬಲಕ್ಕೆ ವಾಲು!"

"ಮೇಲೆತ್ತಿದ ಕಡೆಗೇ ಯಾಕ್ರೀ ವಾಲಬೇಕು?"

"ಎದ್ದಿರೋ ಹಲಗೆ ಮ್ಯಾಲೆ ಗಾಳಿ ಬಡಿದು ರೆಕ್ಕೆಯ ಕೆಳಕ್ಕೆ ಅದುಮ್ತದೆ ಕಣಮ್ಮಿ. ಬಾಲದಾಗಿರೋ ಅಡ್ಡ ಹಲಗೆ ಎದ್ರೆ ಬಾಲ ಕುಸಿದು ಮೂತಿ ಏಳ್ತದೆ. ನಿಂತಿರೋ ಹಲಗೆ ಮೂತಿಯ ಅತ್ತಿತ್ತ ತಿರುಗಿಸ್ತದೆ."

ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿದಳು. "ಏನಕ್ಕಾ, ಎರಡು ಕೈಲೂ ಕೇರ್ತಿದ್ದೀಯ, ರಾಗಿನೇ ಕಾಣ್ದು!" ವಿಮಾನ ಮೊರಗಳ ಸಮೇತ ಅಡುಗೆಮನೆಗೆ ಹಾರಿತು!

ಮಾರನೆಯ ದಿನ ಬ್ರೇಕಿನ ಪಾಠ. ಚಕ್ರ ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಬೆನ್ನ ಮೇಲೆ ಸಾಲಾಗಿ ಹಲಗೆಗಳು ಎದ್ದು ನಿಲ್ಲುತ್ತವಂತೆ. ಆಗ ರೆಕ್ಕೆಯ ಎತ್ತುವ ಬಲ ಇಳಿದು, ಭಾರವೆಲ್ಲ ಚಕ್ರದ ಮೇಲೆ ಬಿದ್ದು ಬ್ರೇಕ್ ಚೆನ್ನಾಗಿ ಹಿಡಿಯುತ್ತದಂತೆ. ತಾತನಿಗೆ ಮೊದಲ ಸಲ ವಿಮಾನದ ಮೇಲೆ ಗೌರವ ಹುಟ್ಟಿತು.

"ಕಂಪ್ಯೂಟರಿಗೆ ತಲೆ ಕೆಟ್ರೆ?" ಎಂಬುದು ಕೊನೆಯ ಪ್ರಶ್ನೆ.

"ಒಂದೇ ಅಲ್ಲ ಮಾವ, ಹಲವು ಇರುತ್ತವೆ. ಒಂದರ ಲೆಕ್ಕ ಉಳಿದವಕ್ಕೆ ಹೊಂದದಿದ್ದರೆ ಅದನ್ನ ಬದಿಗಿಟ್ಟು ಉಳಿದವು ನಡೆಸುತ್ತವೆ."

ಈ ಏರ್ಪಾಡು ಅವರಿಗೆ ಎಷ್ಟು ಹಿಡಿಸಿತೆಂದರೆ ಮನೆಯಲ್ಲೂ ಜಾರಿಗೆ ತಂದರು! ಅವರು, ನಾನು, ನಮ್ಮೊಂದಿಗಿದ್ದ ಅವರ ಅಕ್ಕ, ಹೀಗೆ ಮೂರು ಕಂಪ್ಯೂಟರ್. ಸಾರಿಗೆ ಉಪ್ಪು ಸಾಕೋ ಬೇಕೋ? ಇಬ್ಬರ ಮಾತು ಒಂದಾದರೆ ಮೂರನೆಯವರ ಬಾಯಿ ಬಂದ್. ಗೆಲ್ಲುವವರು ಯಾವಾಗಲೂ ಅವರೇ. ಯಾಕೆ ಗೊತ್ತೆ? ಅವರು ಏನೆಂದರೂ ತಲೆಯಾಡಿಸುವ ಕಂಪ್ಯೂಟರ್ ನಾನಲ್ಲವೆ!

ಟಿಕೆಟ್ ತೆಗೆಯಬೇಕೋ ಬೇಡವೋ ಇವತ್ತೇ ಹೇಳಿ ಎಂದು ಅಳಿಯನ ಫೋನ್ ಬಂತು. ಅಕ್ಕ ಎಲೆ ಅಡಿಕೆ ಉಗಿದು ಬಂದು ಕೂತು ಕೇಳಿದರು.

"ಲೆಕ್ಕ ಆಕಿ. ಇಮಾನಕ್ಕೆ ಓಗದೋ ಬ್ಯಾಡ್ವೋ?"

"ಬ್ಯಾಡ," ಅಂದರು ತಾತ.

"ಓಗದು," ಅಂದರು ಅಕ್ಕ.

ಇಬ್ಬರೂ ನನ್ನ ಮುಖ ನೋಡಿದರು. ಮಗಳು ಅತ್ತದ್ದು ಕಿವಿಯಲ್ಲೇ ಇತ್ತು. ನೆಲ ನೋಡುತ್ತಾ ಹೇಳಿಬಿಟ್ಟೆ. "ಹೋಗ್ಬೇಕು ಕಣ್ರೀ."

ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. "ಲೇ ತಮ್ಮ, ನಿನ್ನ ಲೆಕ್ಕ ಕೆಟ್ಟೋಗದೆ ಕಣ್ಲಾ! ಬದೀಗ್ ನಿಂತ್ಕೊ!"

ತಾವೇ ತಂದ ಕಾನೂನು, ಮೀರುವಂತಿಲ್ಲ. ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು. ಬಲಗಡೆಯ ಕಿಟಕಿ ನನಗೆ. "ನೀನೇ ನೋಡ್ಕಂಡು ನಂಗೇಳು, ನನ್ನ ಕೈಲಾಗಾಕಿಲ್ಲ," ಎಂದು ಅವರು ಕಣ್ಣು ಮುಚ್ಚಿದವರು ದಿಲ್ಲಿಯವರೆಗೂ ಬಿಡಲಿಲ್ಲ. ನಾನು ಪಿಸುಪಿಸು ವರದಿ ಕೊಟ್ಟೆ: ಅಂಚು ಎದ್ದಿತು, ವಾಲಿದೆವು, ಅಂಚು ಇಳಿಯಿತು, ನೆಟ್ಟಗಾದೆವು. ದಿಲ್ಲಿಯಲ್ಲಿ ಚಕ್ರ ದಡ್ಡೆಂದು ನೆಲ ಮುಟ್ಟಿತು. ರೆಕ್ಕೆಯ ಬೆನ್ನ ಮೇಲೆ ಸಾಲಾಗಿ ಹಲಗೆಗಳು! ನಾಚಿಕೆ ಎಲ್ಲಿ ಹೋಯಿತೋ, ಕೂಗಿಬಿಟ್ಟೆ.

"ಎದ್ದವು ಕಣ್ರೀ, ಮೊರ ಎದ್ದವು!"

ವಿಮಾನವೆಲ್ಲ ತಿರುಗಿ ನೋಡಿತು. ತಾತ ಕಣ್ಣು ತೆರೆದು, ಬೆವರು ಒರೆಸಿಕೊಂಡು, ಬಸ್ಸು ನಿಲ್ಲಿಸುವ ಕಂಡಕ್ಟರನ ಹಾಗೆ ಗತ್ತಿನಿಂದ ಅಂದರು. "ಓಲ್ಡಾನ್!"

ಆ ವಾರವೇ ನಮ್ಮ ದೊಡ್ಡ ಮೊಮ್ಮಗಳು ಹುಟ್ಟಿದಳು. ತವರು ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬಲಗಾಲಲ್ಲಿ ನೆಲ ಒತ್ತುತ್ತಿತ್ತು.

ಇನ್ನೊಂದು ಮಾತು ಉಳಿದಿದೆ. ಆ ವಿಮಾನದಲ್ಲಿ ಕುಲುಕಾಟ ಬಂದಾಗಲೆಲ್ಲ ನಿಮ್ಮ ತಾತ ಬ್ರೇಕ್ ಒತ್ತಿದರು. ಕಾಲಿಗೆ ಸಿಕ್ಕಿದ್ದು ನನ್ನ ಎಡಪಾದ. ಕಾಲುಂಗುರ ಒತ್ತಿ ನೋಯುತ್ತಿತ್ತು. ನಾನು ಎಳೆದುಕೊಳ್ಳಲಿಲ್ಲ.

ಈಗ ನೀವು ನನ್ನನ್ನು ವಿಮಾನದಲ್ಲಿ ಕರೆದೊಯ್ಯುತ್ತೀರಿ, ಕಿಟಕಿ ನನಗೇ ಬಿಡುತ್ತೀರಿ. ರೆಕ್ಕೆಯ ಅಂಚು ಏಳುವುದು, ಇಳಿಯುವುದು ನೋಡುತ್ತಾ ಕೂರುತ್ತೇನೆ. ವಿಮಾನ ಒಂಚೂರು ಕುಲುಕಿದರೆ ಸಾಕು, ಕಾಲುಂಗುರ ತೆಗೆದ ಎಡಗಾಲು ತಾನಾಗಿಯೇ ಪಕ್ಕದ ಸೀಟಿನ ಕಡೆಗೆ ಸರಿಯುತ್ತದೆ.