ಛತ್ರದ ಕಲಗಚ್ಚು ಮತ್ತು ನನ್ನ ತರ್ಜುಮೆ

ಏನೂ ಇಂಗ್ಲಿಷ್ ಬಾರದವನಿಗಿಂತ ಸ್ವಲ್ಪ ಬರುವವನು ಹೆಚ್ಚು ಅಪಾಯದ ಮನುಷ್ಯ. ಇದನ್ನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಅಮಲ್ದಾರರನ್ನು ಬಿಟ್ಟರೆ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಆ ಹೆಮ್ಮೆಗೆ ನನ್ನ ರುಮಾಲೂ ಎರಡು ಸುತ್ತು ಹೆಚ್ಚಾಗಿದೆ ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದಳು.

ಒಂದು ದಿನ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಬಂತು. ಊರೊಳಗಿನ ತಿಪ್ಪೆಗಳನ್ನು ತೆಗೆಸಿ ಊರಾಚೆ ಗುಂಡಿ ತೋಡಿಸಬೇಕು. ಛತ್ರದ, ಮನೆಗಳ ಎಂಜಲೆಲೆ, ಸಿಪ್ಪೆ, ಬೂದಿಯನ್ನೆಲ್ಲ ಅದರಲ್ಲಿ ಕೊಳೆಸಿ ರೈತರಿಗೆ ಗೊಬ್ಬರ ಒದಗಿಸಬೇಕು. ಒಳ್ಳೆಯ ಆಜ್ಞೆಯೇ. ಕೊನೆಯಲ್ಲಿ, ದನಕರು ತಿನ್ನುವಂಥ ಪದಾರ್ಥದ ಬಗ್ಗೆ ಒಂದು ಸಾಲಿತ್ತು. ಅದು ‘ಸೇವ್’ ಎಂದು ಶುರುವಾಗುತ್ತಿತ್ತು. ಸೇವ್ ಎಂದರೆ ಕಾಪಾಡು ಎಂದು ಸ್ಕೂಲಿನಲ್ಲಿ ಬೆತ್ತದೇಟು ತಿಂದು ಕಲಿತವನು ನಾನು. ‘ದನಕರು ತಿನ್ನುವಂಥದ್ದನ್ನೂ ಜೋಪಾನವಾಗಿ ಕಾಪಾಡಿ ತಂದು ಗುಂಡಿಗೆ ಸೇರಿಸತಕ್ಕದ್ದು’ ಎಂದು ಕನ್ನಡದಲ್ಲಿ ಬರೆದೆ. ಅಮಲ್ದಾರರು ನನ್ನ ಮೇಲಿನ ನಂಬಿಕೆಯಿಂದ ಓದದೆ ರುಜು ಹಾಕಿದರು. ತಮಟೆಯವನು ಅದನ್ನೇ ಊರೆಲ್ಲ ಸಾರಿದ.

ಛತ್ರದ ಹಿಂದೆ ಗೌರಜ್ಜಿ ಎಂಬ ಮುದುಕಿ ಇದ್ದಳು. ತನ್ನವರೆಂದು ಅವಳಿಗೆ ಇದ್ದದ್ದು ಒಂದು ಎಮ್ಮೆ. ಛತ್ರದ ಊಟ ಮುಗಿದ ಮೇಲೆ ಮಿಕ್ಕ ಅನ್ನ, ಗಂಜಿ, ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲ ಸೇರಿದ ಕಲಗಚ್ಚನ್ನು ಗಡಿಗೆಯಲ್ಲಿ ಹೊತ್ತು ತಂದು ಅದಕ್ಕೆ ಇಡುತ್ತಿದ್ದಳು. ಆ ಎಮ್ಮೆಯ ಹಾಲಿನಿಂದ ಅವಳ ಜೀವನವೂ ನಮ್ಮ ಮನೆಯ ಗಟ್ಟಿ ಮೊಸರೂ ನಡೆಯುತ್ತಿದ್ದವು. ತಪಾಸಣೆಗೆ ಹೋದ ನಾನು ಗಡಿಗೆಯನ್ನು ತಡೆದೆ.

“ಅಜ್ಜೀ, ಇದು ಇನ್ನು ಗುಂಡಿಗೆ ಹೋಗಬೇಕು. ಸರ್ಕಾರದ ಹುಕುಂ.”

“ಗುಂಡೀಗೂ ಹಸಿವಾಗ್ತದಾ ರಾಯರೇ? ನನ್ನೆಮ್ಮೆ ತಿಂದ್ರೆ ಸಗಣಿ ಹಾಕಲ್ವಾ? ಅದೂ ಗೊಬ್ರನೇ ಅಲ್ವಾ?”

ಉತ್ತರ ಹೊಳೆಯದಿದ್ದಾಗ ಕಚೇರಿಯವರು ಮಾಡುವುದನ್ನೇ ಮಾಡಿದೆ. ಕಾಗದ ತೆಗೆದು ಗಟ್ಟಿಯಾಗಿ ಓದಿದೆ. ಅವಳು ಗಡಿಗೆ ಇಳಿಸಿದಳು.

ಬೇಸಿಗೆ ಬಂತು, ಹುಲ್ಲು ಒಣಗಿತು. ಎಮ್ಮೆಯ ಪಕ್ಕೆಲುಬು ಕಾಣಿಸಿತು, ಹಾಲು ಬತ್ತಿತು. ಕೊನೆಗೆ ಗೌರಜ್ಜಿ ಅದನ್ನು ಲಿಂಗದಹಳ್ಳಿಯ ಒಬ್ಬರಿಗೆ ಕೊಟ್ಟುಬಿಟ್ಟಳು. ನಮ್ಮ ಮನೆಯಲ್ಲಿ ನೀರು ಮಜ್ಜಿಗೆ ಬಡಿಸುತ್ತ ಹೆಂಡತಿ, “ಏನೂಂದ್ರೆ, ನಿಮ್ಮ ಗುಂಡಿ ಯಾವಾಗ ಹಾಲು ಕರೆಯತ್ತೆ?” ಎಂದು ಕೇಳಿದಳು.

ಅಮಲ್ದಾರರಿಗೆ ವರ್ಗವಾಗಿ ಕಡೂರಿನಿಂದ ಹೊಸಬರು ಬಂದರು. ಮೂಲ, ತರ್ಜುಮೆ ಎರಡೂ ಕಾಗದ ಎದುರಿಗಿಟ್ಟುಕೊಂಡು ಓದುವ ಅಭ್ಯಾಸ ಅವರಿಗಿತ್ತು.

“ಏನ್ರೀ ಇದು? ಇಲ್ಲಿ ಸೇವ್ ಅಂದ್ರೆ ‘ಹೊರತು’ ಅಂತ ಕಣ್ರೀ. ದನ ತಿನ್ನೋದನ್ನ ಬಿಟ್ಟು ಮಿಕ್ಕಿದ್ದು ಗುಂಡಿಗೆ!”

ಅಂದೇ ಸರಿಯಾದ ತರ್ಜುಮೆ ಬರೆದು, ಅಮಲ್ದಾರರ ರುಜು ಮಾಡಿಸಿ, ಗೌರಜ್ಜಿಯ ಮನೆಗೆ ಓಡಿದೆ. ಅವಳು ಜಗಲಿಯಲ್ಲಿ ಕೂತು ಛತ್ರಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದಳು. ಓದಿ ಹೇಳಿದೆ. “ತಪ್ಪು ಸರ್ಕಾರದ್ದಲ್ಲ ಅಜ್ಜಿ, ನನ್ನದು.”

“ಹಂಗಾರೆ ನನ್ನೆಮ್ಮೆ ತಿನ್ನಬೋದಿತ್ತಾ?”

“ತಿನ್ನಬಹುದಿತ್ತು.”

ಅವಳು ಕಡ್ಡಿ ಚುಚ್ಚುವುದನ್ನು ನಿಲ್ಲಿಸಿದಳು. “ಮೊನ್ನೆ ಲಿಂಗದಳ್ಳೀಗೆ ಹೋಗಿದ್ದೆ. ಕೂಗಿದೆ, ತಿರುಗಿ ನೋಡ್ತು. ಆಮೇಲೆ ಹುಲ್ಲಿಗೆ ಬಾಯಾಕ್ತು. ಹೊಟ್ಟೆ ತುಂಬ ತಿಂತಾ ಐತೆ. ಇನ್ಯಾಕೆ ಕರೀಲಿ?” ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. “ಆ ಕಾಗದ ದನ ತಿನ್ನೋದಲ್ವಲ್ಲ ರಾಯರೇ, ಗುಂಡೀಗೆ ಹಾಕ್ಬಿಡಿ.”

ಹಿಂದಿರುಗುವಾಗ ಗುಂಡಿಯ ಅಂಚಿನಲ್ಲಿ ನಿಂತೆ. ಹಾಕಬೇಕೆಂದೇ ನಿಂತದ್ದು. ಆದರೆ ಕಾಗದದ ಕೆಳಗೆ ಅಮಲ್ದಾರರ ರುಜು ಇತ್ತು. ಧೈರ್ಯ ಬರಲಿಲ್ಲ. ಕಚೇರಿಗೆ ತಂದು, ನಂಬರು ಹಾಕಿ, ಜೋಪಾನವಾಗಿ ಫೈಲಿಗೆ ಸೇರಿಸಿದೆ.