ಎಮ್ಮೆಯ ಹೆಸರು ಬಂತು, ಮಗನದು ಬರಲಿಲ್ಲ

ಕಂಪ್ಯೂಟರಿಗೆ ನಗು ಬರುವುದಿಲ್ಲ. ಅದರ ಪಾಲಿನ ನಗುವನ್ನೂ ಪಕ್ಕದಲ್ಲಿ ಕೂತವರೇ ನಗಬೇಕು. ಲೆಕ್ಕದ ಟೀಚರಾಗಿ ನಿವೃತ್ತಳಾದ ಮೇಲೆ, ಅರಸೀಕೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತಿದ್ದ ನನಗೆ ಇಂಥ ನಗುವಿಗೆ ಯಾವತ್ತೂ ಬರವಿರಲಿಲ್ಲ.

ಆ ತಿಂಗಳು ಮೂವರು ಕಲಿಯಲು ಬರುತ್ತಿದ್ದರು: ತೆಂಗಿನ ತೋಟದ ಯಜಮಾನರೊಬ್ಬರು, ಹಳೇಬೀಡಿನ ಒಬ್ಬ ಗೈಡ್, ಕಣಕಟ್ಟೆಯ ಒಂದು ಮನೆಯ ಸೊಸೆ. ಸೊಸೆಗೆ ಸಿಕ್ಕಿದ್ದು ಒಂದೇ ತಿಂಗಳ ಅಪ್ಪಣೆ. ಕೊನೆಯ ದಿನ ಅತ್ತೆಯೇ ಬಂದು, ಕಲಿತದ್ದನ್ನು ನೋಡಿ, ಮುಂದೆ ಕಳಿಸುವುದೋ ಬೇಡವೋ ಹೇಳುತ್ತಾರೆಂದು ತೀರ್ಮಾನವಾಗಿತ್ತು.

ಒಣಗಿದ ಕಾಯಿ

ಮೊದಲ ಪಾಠ ಆಬ್ಜೆಕ್ಟ್. "ಒಂದು ವಸ್ತುವಿನ ವಿವರಗಳನ್ನೆಲ್ಲ ಒಂದೇ ಹೆಸರಿನಲ್ಲಿ ಕಟ್ಟಿಡೋದು, ಅಷ್ಟೇ" ಎಂದೆ. ನಾನು ಹುಟ್ಟಿದ್ದು ಬೀದರಿನಲ್ಲಿ. ಕಾಯಿ ಅಂಗಡಿಯಲ್ಲಿ ಸಿಗುತ್ತದೆ ಎನ್ನುವುದಷ್ಟೇ ನಮಗೆ ಗೊತ್ತು. ಅಂಥವಳು ಅರಸೀಕೆರೆಯವರ ಮುಂದೆ ತೆಂಗಿನಕಾಯಿಯನ್ನೇ ಉದಾಹರಣೆಗೆ ಹಿಡಿದೆ. "ಕಾಯಿಗೆ ಬಣ್ಣ ಇದೆ, ತೂಕ ಇದೆ, ನೀರು ಇದೆ. ಕೊಬ್ಬರಿ ಬೇಕಾ? ನೀರನ್ನ ಡಿಲೀಟ್ ಮಾಡಿ."

ಯಜಮಾನರು ಪರದೆಯನ್ನೇ ದಿಟ್ಟಿಸಿದರು. "ಆಗೋಯ್ತಾ ಮೇಡಂ?"

"ಆಯ್ತು."

"ಅಟ್ಟದ ಮೇಲೆ ಹಾಕಿ ಒಂದ್ ವರ್ಷ ಕಾಯ್ತೀವಿ ನಾವು. ಪಾಠ ಆಮೇಲಿರ್ಲಿ, ಮೊದ್ಲು ಈ ಪೆಟ್ಟಿಗೇನ ನಮ್ಮಟ್ಟಕ್ಕೆ ಕಳಿಸ್ಕೊಡಿ!"

ಬೇಲೂರಿನ ದೇವರು

ಗೈಡ್ ಬೇಲೂರು ದೇವಸ್ಥಾನದ ವಿವರ ತುಂಬಿದ: ಕಟ್ಟಿಸಿದವರು ಹೊಯ್ಸಳರು, ದೇವರು ಕೇಶವ. ಹಳೇಬೀಡಿಗೆ ಅದನ್ನೇ ಮತ್ತೆ ಯಾರು ಬರೆಯುತ್ತಾರೆಂದು, ಸಮ ಚಿಹ್ನೆ ಹಾಕಿ ಬೇಲೂರನ್ನೇ ಹಳೇಬೀಡಿಗೆ ಕೊಟ್ಟ. ಆಮೇಲೆ ಹಳೇಬೀಡಿನ ದೇವರನ್ನು ಮಾತ್ರ ಶಿವ ಎಂದು ತಿದ್ದಿದ. ನೋಡಿದರೆ ಬೇಲೂರಿನಲ್ಲೂ ಶಿವ ಬಂದು ಕೂತಿದ್ದಾನೆ!

"ನಾನು ಬೇಲೂರನ್ನ ಮುಟ್ಟೇ ಇಲ್ಲ ಮೇಡಂ!"

"ನೀನು ಇನ್ನೊಂದು ದೇವಸ್ಥಾನ ಕಟ್ಟಲಿಲ್ಲ ಕಣಪ್ಪ. ಇದ್ದ ಒಂದಕ್ಕೇ ಎರಡು ಹೆಸರಿಟ್ಟೆ. ಯಾವ ಹೆಸರು ಹಿಡಿದು ತಿದ್ದಿದರೂ ಬದಲಾಗೋದು ಅದೇ."

ಅವನು ಮೌಸನ್ನು ನನ್ನ ಕಡೆ ತಳ್ಳಿದ. "ಬೇಗ ಸರಿ ಮಾಡಿಕೊಡಿ. ನಾಳೆ ಜನ ಕರ್ಕೊಂಡು ಬೇಲೂರಿಗೆ ಹೋಗ್ಬೇಕು. ಅರ್ಚಕರಿಗೆ ಹೆಂಗ್ ಮುಖ ತೋರಿಸ್ಲಿ?"

ಅತ್ತೆಯ ಪರೀಕ್ಷೆ

ಕಣಕಟ್ಟೆಯ ಸೊಸೆ ತನ್ನ ಮನೆಯನ್ನೇ ಆಬ್ಜೆಕ್ಟ್ ಮಾಡಿದಳು. ಅತ್ತೆ, ಮಾವ, ಅವರ ಮಗ (ಅಂದರೆ ತನ್ನ ಗಂಡ), ಎಮ್ಮೆ, ಒಬ್ಬೊಬ್ಬರಿಗೆ ಒಂದೊಂದು ಬಟನ್; ಒತ್ತಿದರೆ ಹೆಸರು ಕಾಣಬೇಕು. ಎಲ್ಲ ಚೆನ್ನಾಗಿತ್ತು. ಗಂಡನ ಹೆಸರು ಮಾತ್ರ ಬರೆಯಲೊಲ್ಲಳು.

"ಬಾಯಲ್ಲಿ ಹೇಳಬೇಡಮ್ಮ, ಟೈಪ್ ಮಾಡು" ಎಂದೆ.

"ಅದೂ ಹೇಳ್ದಂಗೇ ಅಲ್ವಾ ಮೇಡಂ?" ಎಂದು ಕೈ ಹಿಂದಕ್ಕೆಳೆದುಕೊಂಡಳು. ಮಾವನ ಹೆಸರೂ ಹಾಗೇ ಉಳಿಯಿತು.

ಕೊನೆಯ ದಿನ ಅತ್ತೆ ಬಂದರು. ಅತ್ತೆ ಮೊದಲು ತಮ್ಮ ಬಟನ್ ಒತ್ತಿದರು; ಅವರ ಹೆಸರು ಬಂತು, ಮುಖ ಅರಳಿತು. ಎಮ್ಮೆಯದು ಒತ್ತಿದರು, ಗೌರಿ ಎಂದು ಬಂತು. ಮಗನದು ಒತ್ತಿದರು. 'ಅನ್‌ಡಿಫೈನ್ಡ್' ಎಂದು ಬಂತು.

"ಏನಂತೈತೆ ಇದು?"

"ಇವರ್ಯಾರೋ ನನಗೆ ಗೊತ್ತಿಲ್ಲ ಅಂತಿದೆ" ಎಂದೆ ಮೆಲ್ಲಗೆ.

"ಎಮ್ಮೆ ಗೊತ್ತೈತಂತೆ, ನನ್ ಮಗ ಗೊತ್ತಿಲ್ವಂತಾ?" ಅತ್ತೆ ಎದ್ದೇ ನಿಂತರು. ಸೊಸೆಯ ಕಣ್ಣು ತುಂಬಿತು.

"ಹೇಳಿಕೊಡದೆ ಅದಕ್ಕೆ ಹೇಗಮ್ಮ ಗೊತ್ತಾಗುತ್ತೆ? ನಿಮ್ಮ ಸೊಸೆ ಗಂಡನ ಹೆಸರು ಹೇಳೋದಿಲ್ಲವಲ್ಲ" ಎಂದೆ.

ಅತ್ತೆ ಸ್ವಲ್ಪ ತಣ್ಣಗಾದರು. "ಅಷ್ಟೇ ತಾನೆ? ನಾನ್ ಹೇಳ್ತೀನಿ, ಬರ್ಕಳಿ." ಮಗನ ಹೆಸರನ್ನು ಬೀದಿಗೆ ಕೇಳುವಂತೆ ಹೇಳಿದರು. ನಾನು ಟೈಪ್ ಮಾಡಿದೆ, ಒತ್ತಿದರೆ ಬಂತು. ಹುರುಪಿನಲ್ಲಿ ಮಾವನ ಬಟನ್ನನ್ನೂ ಒತ್ತಿದರು. ಮತ್ತೆ ಅನ್‌ಡಿಫೈನ್ಡ್!

"ಇದ್ಯಾಕೆ ಬಿಟ್ಟೆ?" ಎಂದು ಸೊಸೆಯ ಕಡೆ ತಿರುಗಿದರು.

ಸೊಸೆ ಕಣ್ಣೊರೆಸಿಕೊಂಡು ಕೀಬೋರ್ಡ್ ಮೇಲೆ ಬೆರಳಿಟ್ಟಳು. "ನೀವ್ ಹೇಳಿ ಅತ್ತೆ, ನಾನ್ ಬರೀತೀನಿ."

ಅತ್ತೆ ಬಾಯಿ ತೆರೆದರು. ಮುಚ್ಚಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸೊಸೆ, ನಾನು, ಕಂಪ್ಯೂಟರ್, ಮೂವರ ಮುಖವನ್ನೂ ನೋಡಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದರು.

"ಟೀಚರಮ್ಮ, ಇನ್ನೊಂದ್ ತಿಂಗ್ಳು ಇವ್ಳನ್ನ ಕಳಿಸ್ತೀನಿ. ಹೆಸ್ರು ಹೇಳ್ದಂಗೆ ಹೆಸ್ರು ಬರ್ಸೋದು ಹೆಂಗೆ ಅಂತ ಕಲಿಸ್ಬಿಡಿ. ಹಂಗೇ ನಾನೂ ಬತ್ತೀನಿ."